ವೃತ್ತಿಪರ ರಗ್ಬಿ ಯೂನಿಯನ್ ಆಟಗಾರನ ವೃತ್ತಿಜೀವನ: ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನೈದು ಮಂದಿಯ ರಗ್ಬಿ ಯೂನಿಯನ್ ಆಟವನ್ನು ಜೀವನೋಪಾಯವಾಗಿ ಆರಿಸಿಕೊಳ್ಳುವವರು ಮತ್ತು ಅವರ ಮನೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಎಷ್ಟು ಚೆನ್ನಾಗಿ ಆಡುತ್ತಾನೆ ಎಂಬುದರ ಜೊತೆಗೆ ಒಪ್ಪಂದವು ಯಾರ ಕೈಯಲ್ಲಿದೆ ಎಂಬ ಸಂಗತಿಯೂ ಆಟಗಾರನ ಬದುಕನ್ನು ರೂಪಿಸುವುದರಿಂದ, ಉತ್ತರಗಳು ಮತ್ತೆ ಮತ್ತೆ ಆ ಕಡೆಗೇ ಹೊರಳುತ್ತವೆ.

ರಗ್ಬಿ ಯೂನಿಯನ್ ಯಾವಾಗ ವೃತ್ತಿಪರ ಆಟವಾಯಿತು?

1995ರ ಆಗಸ್ಟ್ ಕೊನೆಯಲ್ಲಿ. ಅಲ್ಲಿಯವರೆಗೆ ಆಟಕ್ಕಾಗಿ ಹಣ ಪಡೆಯುವುದು ನಿಷಿದ್ಧವಾಗಿತ್ತು. ಆಟದಿಂದ ಸಂಬಳ ತಪ್ಪಿದ ಕಾರ್ಮಿಕ ಆಟಗಾರರಿಗೆ ಪರಿಹಾರ ಕೊಡಬೇಕೇ ಬೇಡವೇ ಎಂಬ ಜಗಳದಲ್ಲಿಯೇ 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಹಡರ್ಸ್‌ಫೀಲ್ಡ್‌ನಲ್ಲಿ ಸಭೆ ಸೇರಿ ಬೇರೆಯಾದವು. ಅವರ ಆಟವೇ ಕ್ರಮೇಣ ಹದಿಮೂರು ಮಂದಿಯ ರಗ್ಬಿ ಲೀಗ್ ಆಗಿ ಬೆಳೆಯಿತು. ಯೂನಿಯನ್ ಮಾತ್ರ ಒಂದು ಶತಮಾನದ ಕಾಲ ಹವ್ಯಾಸಿ ನಿಯಮಕ್ಕೆ ಅಂಟಿಕೊಂಡಿತ್ತು. ಲೀಗ್ ಆಟಕ್ಕೆ ಹೋದವರಿಗೆ ಹಿಂದಿರುಗುವ ಬಾಗಿಲನ್ನೂ ಅದು ಮುಚ್ಚಿಬಿಡುತ್ತಿತ್ತು.

1995ರ ವಿಶ್ವಕಪ್ ನಡೆಯುತ್ತಿದ್ದಾಗಲೇ ದಕ್ಷಿಣ ಆಫ್ರಿಕ, ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯದ ರಗ್ಬಿ ಸಂಸ್ಥೆಗಳು ಹತ್ತು ವರ್ಷಗಳ ಪ್ರಸಾರ ಹಕ್ಕನ್ನು 55 ಕೋಟಿ ಅಮೆರಿಕನ್ ಡಾಲರಿಗೆ ನ್ಯೂಸ್ ಕಾರ್ಪೊರೇಷನ್ನಿಗೆ ಮಾರಿದವು. ಇಷ್ಟು ಹಣ ಬಂದ ಮೇಲೆ ಆಟಗಾರರಿಗೆ ಕಾಸು ಕೊಡುವುದಿಲ್ಲ ಎನ್ನಲು ಯಾರಿಗೂ ಮುಖವಿರಲಿಲ್ಲ. ದಕ್ಷಿಣ ಗೋಳಾರ್ಧದ ಈ ಸಂಸ್ಥೆಗಳು ತಮ್ಮ ಆಟಗಾರರೊಡನೆ ಬೇಗನೆ ನೇರ ಒಪ್ಪಂದ ಮಾಡಿಕೊಂಡವು. ಇಂಗ್ಲೆಂಡಿನ ಸಂಸ್ಥೆ ಒಂದು ವರ್ಷ ಕಾದು ನೋಡುವುದೆಂದು ತೀರ್ಮಾನಿಸಿತು, ಅಷ್ಟರಲ್ಲಿ ಶ್ರೀಮಂತರು ಕ್ಲಬ್‌ಗಳನ್ನು ಕೊಂಡು ಆಟಗಾರರ ಸಹಿಯನ್ನೂ ಪಡೆದಿದ್ದರು. ಆಗ ಬಿದ್ದ ಈ ಗೆರೆ ಇಂದಿಗೂ ಅಳಿಸಿಲ್ಲ: ಕೆಲವು ದೇಶಗಳಲ್ಲಿ ಆಟಗಾರನ ಯಜಮಾನ ರಾಷ್ಟ್ರೀಯ ಸಂಸ್ಥೆ, ಇನ್ನು ಕೆಲವೆಡೆ ಕ್ಲಬ್.

ಎಷ್ಟನೆಯ ವಯಸ್ಸಿನಲ್ಲಿ ವೃತ್ತಿ ಆರಂಭವಾಗುತ್ತದೆ?

ಮೊದಲ ಪೂರ್ಣಾವಧಿ ಒಪ್ಪಂದವು ಹದಿನೆಂಟರಿಂದ ಇಪ್ಪತ್ತೊಂದರ ನಡುವೆ ಕೈಸೇರುವುದು ವಾಡಿಕೆ. ಅದಕ್ಕೂ ಮುಂಚೆ ಹದಿಹರೆಯದಲ್ಲಿಯೇ ಶಾಲಾ ತಂಡಗಳಿಂದಲೂ ಸ್ಥಳೀಯ ಕ್ಲಬ್‌ಗಳಿಂದಲೂ ಹುಡುಗರನ್ನು ಆರಿಸಿ ಅಕಾಡೆಮಿಗಳಿಗೆ ಸೇರಿಸಿಕೊಳ್ಳಲಾಗುತ್ತದೆ. ಐರ್ಲೆಂಡ್ ಮತ್ತು ನ್ಯೂಜಿಲೆಂಡಿನಲ್ಲಿ ಶಾಲಾ ರಗ್ಬಿ ಪ್ರಬಲವಾಗಿದೆ. ಫ್ರಾನ್ಸಿನಲ್ಲಿ ಪ್ರತಿಯೊಂದು ದೊಡ್ಡ ಕ್ಲಬ್ಬಿಗೂ ಮಾನ್ಯತೆ ಪಡೆದ ತರಬೇತಿ ಕೇಂದ್ರವಿದ್ದು, ಅಲ್ಲಿ ಬೆಳೆದ ಆಟಗಾರರನ್ನು ನಿಗದಿತ ಸಂಖ್ಯೆಯಲ್ಲಿ ಕಣಕ್ಕಿಳಿಸಬೇಕೆಂಬ ನಿಯಮವಿರುವುದರಿಂದ ದೇಶೀ ಯುವಕನಿಗೆ ಅಲ್ಲಿ ವಿಶೇಷ ಬೆಲೆಯಿದೆ. 2008ರಲ್ಲಿ ಆರಂಭವಾದ ಇಪ್ಪತ್ತು ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್ ದೊಡ್ಡ ಕ್ಲಬ್‌ಗಳ ಕಣ್ಣಿಗೆ ಬೀಳುವ ಮುಖ್ಯ ವೇದಿಕೆಯಾಗಿದೆ.

ಅಕಾಡೆಮಿ ಸೇರಿದವರಲ್ಲಿ ಹಲವರಿಗೆ ಹಿರಿಯರ ತಂಡದ ಒಪ್ಪಂದ ಸಿಗುವುದೇ ಇಲ್ಲ ಎಂಬುದನ್ನು ಹೆತ್ತವರು ಮೊದಲೇ ತಿಳಿದಿರಬೇಕು. ಆದ್ದರಿಂದ ಓದನ್ನು ಅರ್ಧಕ್ಕೆ ಬಿಡಿಸಿ ಆಟಕ್ಕೆ ಹಚ್ಚುವುದು ವಿವೇಕವಲ್ಲ. ಒಳ್ಳೆಯ ಅಕಾಡೆಮಿಗಳು ತಾವಾಗಿಯೇ ಓದಿಗೆ ಸಮಯ ಮೀಸಲಿಡುತ್ತವೆ. ಮೀಸಲಿಡದ ಕಡೆ ಸೇರುವ ಮುನ್ನ ಎರಡು ಬಾರಿ ಯೋಚಿಸಬೇಕು.

ಆಡುವ ಸ್ಥಾನಕ್ಕೂ ವೃತ್ತಿಗೂ ಏನು ಸಂಬಂಧ?

ಬಹಳ ಗಾಢವಾದ ಸಂಬಂಧವಿದೆ. ಕ್ರಿಕೆಟ್ಟಿನಲ್ಲಿ ಬ್ಯಾಟ್ ಮಾಡುವವನು ಕೆಲವೊಮ್ಮೆ ಚೆಂಡನ್ನೂ ಎಸೆಯಬಹುದು. ರಗ್ಬಿಯಲ್ಲಿ ಮುಂದಿನ ಸಾಲಿನಲ್ಲಿ ನಿಂತು ತಳ್ಳುವ ಪ್ರಾಪ್ ಸ್ಥಾನದವನು ಮೈದಾನದ ಅಂಚಿನಲ್ಲಿ ಓಡುವ ವಿಂಗ್ ಸ್ಥಾನದಲ್ಲಿ ಆಡುವುದನ್ನು ಊಹಿಸಲೂ ಆಗದು. ಒಂದರಿಂದ ಎಂಟರವರೆಗಿನ ಅಂಗಿ ತೊಡುವ ಫಾರ್ವರ್ಡ್‌ಗಳು ಸ್ಕ್ರಮ್ (ಎರಡೂ ತಂಡದವರು ಹೆಗಲು ಕೊಟ್ಟು ತಳ್ಳಾಡುವುದು), ಲೈನ್‌ಔಟ್ (ಅಂಚುಗೆರೆಯಿಂದ ಎಸೆದ ಚೆಂಡಿಗೆ ಜಿಗಿಯುವುದು) ಮತ್ತು ರಕ್‌ಗಳಲ್ಲಿ (ನೆಲದ ಮೇಲಿನ ಚೆಂಡಿಗೆ ಮುಗಿಬೀಳುವುದು) ಚೆಂಡಿಗಾಗಿ ಸೆಣಸುತ್ತಾರೆ, ಒಂಬತ್ತರಿಂದ ಹದಿನೈದರವರೆಗಿನ ಬ್ಯಾಕ್‌ಗಳು ಹಾಗೆ ದಕ್ಕಿದ ಚೆಂಡನ್ನು ಓಟಕ್ಕೂ ಒದೆತಕ್ಕೂ ಬಳಸುತ್ತಾರೆ.

ಮುಂದಿನ ಸಾಲಿನ ಪ್ರಾಪ್‌ಗಳು ತಡವಾಗಿ ಪಕ್ವವಾಗುವವರು. ಸ್ಕ್ರಮ್‌ನ ಕಸುಬನ್ನು ಪುಸ್ತಕದಿಂದ ಕಲಿಯಲಾಗದು, ಎದುರಾಳಿಯ ಭುಜಕ್ಕೆ ಭುಜ ಕೊಟ್ಟು ವರ್ಷಗಟ್ಟಲೆ ಪೆಟ್ಟು ತಿಂದೇ ಕಲಿಯಬೇಕು. ಹಾಗಾಗಿ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ತಡಬಡಾಯಿಸುವ ಪ್ರಾಪ್ ಮೂವತ್ತರಲ್ಲಿ ತನ್ನ ಉತ್ತುಂಗದಲ್ಲಿರಬಹುದು. ಅದರಲ್ಲಿಯೂ ಮೂರನೆಯ ಸಂಖ್ಯೆಯ ಟೈಟ್‌ಹೆಡ್ ಪ್ರಾಪ್ ಸ್ಕ್ರಮ್‌ನ ಬಲಗಡೆ ಇಬ್ಬರು ಎದುರಾಳಿಗಳ ಒತ್ತಡವನ್ನು ತಡೆಯುವವನಾದ್ದರಿಂದ ಅಂಥವರು ವಿರಳ, ಬೇಡಿಕೆಯೂ ಹೆಚ್ಚು. ಪ್ರೇಕ್ಷಕರ ಚಪ್ಪಾಳೆ ವಿಂಗ್ ಆಟಗಾರನಿಗೆ ಸಂದರೂ ಒಪ್ಪಂದದ ಮೇಜಿನಲ್ಲಿ ಟೈಟ್‌ಹೆಡ್‌ನ ಮಾತಿಗೆ ತೂಕ ಹೆಚ್ಚಾಗಿರುವುದುಂಟು. ಈ ಆಟದ ಅರ್ಥಶಾಸ್ತ್ರದಲ್ಲಿ ನನಗೆ ಅತ್ಯಂತ ನ್ಯಾಯವೆನಿಸುವ ಸಂಗತಿ ಇದು. ಅವನ ಜೊತೆಗೆ ಆಟದ ದಿಕ್ಕನ್ನು ನಿರ್ಧರಿಸುವ, ಬಹುಪಾಲು ಗೋಲ್ ಒದೆತಗಳ ಹೊಣೆ ಹೊರುವ ಹತ್ತನೆಯ ಸಂಖ್ಯೆಯ ಫ್ಲೈ ಹಾಫ್ ಕೂಡ ದುಬಾರಿ ಆಟಗಾರ.

ವಿಂಗ್ ಆಟಗಾರನ ಬಂಡವಾಳ ವೇಗ. ಅದು ಬೇಗ ಬಂದು ಬೇಗ ಹೋಗುತ್ತದೆ. ನ್ಯೂಜಿಲೆಂಡಿನ ಜೋನಾ ಲೋಮು 1995ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡನ್ನು ಧೂಳೀಪಟ ಮಾಡಿದಾಗ ಅವನಿಗೆ ಕೇವಲ ಇಪ್ಪತ್ತು ವರ್ಷ. ಮೂತ್ರಪಿಂಡದ ಕಾಯಿಲೆ ಅವನ ಟೆಸ್ಟ್, ಅಂದರೆ ಅಂತರರಾಷ್ಟ್ರೀಯ ಪಂದ್ಯಗಳ, ಜೀವನವನ್ನು ಇಪ್ಪತ್ತೇಳರಲ್ಲಿಯೇ ಮುಗಿಸಿತು.

ಹಾಗಾದರೆ ಒಬ್ಬ ಆಟಗಾರ ಎಷ್ಟು ವರ್ಷ ಆಡಬಹುದು?

ಮೂವತ್ತರ ಆಸುಪಾಸಿನಲ್ಲಿ ಮುಗಿಯುತ್ತದೆ ಎಂದುಕೊಂಡೇ ಲೆಕ್ಕ ಹಾಕುವುದು ಸುರಕ್ಷಿತ. ವೇಲ್ಸ್‌ನ ಲಾಕ್ (ಎರಡನೆಯ ಸಾಲಿನ ಫಾರ್ವರ್ಡ್) ಆಲನ್ ವಿನ್ ಜೋನ್ಸ್ ತನ್ನ ದೇಶದ ಪರವಾಗಿ 158 ಮತ್ತು ಬ್ರಿಟನ್, ಐರ್ಲೆಂಡ್‌ಗಳ ಜಂಟಿ ತಂಡವಾದ ಬ್ರಿಟಿಷ್ ಅಂಡ್ ಐರಿಷ್ ಲಯನ್ಸ್ ಪರವಾಗಿ 12, ಒಟ್ಟು 170 ಟೆಸ್ಟ್‌ಗಳನ್ನಾಡಿ ದಾಖಲೆ ಬರೆದರು. ಐರ್ಲೆಂಡಿನ ಜಾನಿ ಸೆಕ್ಸ್‌ಟನ್ 2023ರ ವಿಶ್ವಕಪ್ಪಿನಲ್ಲಿ ತಂಡವನ್ನು ಮುನ್ನಡೆಸಿದಾಗ ಮೂವತ್ತೆಂಟು ತುಂಬಿತ್ತು. ಆದರೆ ಇವರನ್ನು ನೋಡಿ ಲೆಕ್ಕ ಹಾಕಬಾರದು. 2013 ಮತ್ತು 2017ರಲ್ಲಿ ಲಯನ್ಸ್ ತಂಡದ ನಾಯಕರಾಗಿದ್ದ ಸ್ಯಾಮ್ ವಾರ್‌ಬರ್ಟನ್ 2018ರಲ್ಲಿ, ಇಪ್ಪತ್ತೊಂಬತ್ತನೆಯ ವಯಸ್ಸಿಗೇ, ದೇಹ ಒಪ್ಪುತ್ತಿಲ್ಲವೆಂದು ಆಟ ನಿಲ್ಲಿಸಿದರು.

ಜಾನಿ ವಿಲ್ಕಿನ್ಸನ್‌ರ ಕಥೆಯಲ್ಲಿ ಎರಡೂ ಮುಖಗಳಿವೆ. 2003ರ ವಿಶ್ವಕಪ್ ಫೈನಲ್ಲಿನ ಕೊನೆಯ ಕ್ಷಣಗಳಲ್ಲಿ ತನ್ನ ಬಳಕೆಯ ಕಾಲಲ್ಲದ ಬಲಗಾಲಿನಿಂದ ಡ್ರಾಪ್ ಗೋಲ್ (ಚೆಂಡನ್ನು ನೆಲಕ್ಕೆ ಬೀಳಿಸಿ ಪುಟಿಯುತ್ತಲೇ ಗೋಲಿಗೆ ಒದೆಯುವುದು) ಹೊಡೆದು ಇಂಗ್ಲೆಂಡಿಗೆ ಕಪ್ ತಂದುಕೊಟ್ಟ ಅವರು, ಸಾಲುಸಾಲು ಗಾಯಗಳಿಂದಾಗಿ ಇಂಗ್ಲೆಂಡ್ ಪರವಾಗಿ ಮತ್ತೆ ಆಡಿದ್ದು 2007ರ ಫೆಬ್ರವರಿಯಲ್ಲಿ. ಇನ್ನು ಇವರ ಕತೆ ಮುಗಿಯಿತೆಂದು ಹಲವರು ಅಂದುಕೊಂಡ ಮೇಲೆ 2009ರಲ್ಲಿ ಫ್ರಾನ್ಸಿನ ಟೂಲೋನ್ ಕ್ಲಬ್ ಸೇರಿ, 2013 ಮತ್ತು 2014ರಲ್ಲಿ ಯುರೋಪಿನ ಕ್ಲಬ್ ಪ್ರಶಸ್ತಿ ಗೆದ್ದು, ಮೂವತ್ತೈದರಲ್ಲಿ ನಿವೃತ್ತರಾದರು.

ಸಂಬಳ ಸಿಗುವ ಲೀಗ್‌ಗಳು ಯಾವುವು?

ಫ್ರಾನ್ಸಿನ ಟಾಪ್ 14 ಲೀಗ್ ಎಲ್ಲಕ್ಕಿಂತ ಶ್ರೀಮಂತವಾದದ್ದು, ಅದರ ಕೆಳಗಿನ ಪ್ರೊ ಡಿ2 ಕೂಡ ವೃತ್ತಿಪರವೇ. ಇಂಗ್ಲೆಂಡಿನಲ್ಲಿ ಪ್ರೀಮಿಯರ್‌ಷಿಪ್ ಇದೆ. ಐರ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್, ಇಟಲಿ ಮತ್ತು ದಕ್ಷಿಣ ಆಫ್ರಿಕದ ತಂಡಗಳು ಯುನೈಟೆಡ್ ರಗ್ಬಿ ಚಾಂಪಿಯನ್‌ಷಿಪ್‌ನಲ್ಲಿ ಆಡುತ್ತವೆ. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಕ್ಕೆ ಸೂಪರ್ ರಗ್ಬಿ ಪೆಸಿಫಿಕ್ ಇದ್ದು, 2022ರಲ್ಲಿ ಫಿಜಿಯನ್ ಡ್ರುವಾ ಮತ್ತು ಮೊವಾನಾ ಪಸಿಫಿಕಾ ತಂಡಗಳು ಅದಕ್ಕೆ ಸೇರಿದ ಮೇಲೆ ದ್ವೀಪ ರಾಷ್ಟ್ರಗಳ ಪ್ರತಿಭೆಗಳಿಗೆ ಯುರೋಪಿನ ವಿಮಾನ ಹತ್ತುವುದೊಂದೇ ದಾರಿ ಎಂಬ ಸ್ಥಿತಿ ಸ್ವಲ್ಪವಾದರೂ ಬದಲಾಯಿತು. ಅಮೆರಿಕದಲ್ಲಿ 2018ರಿಂದ ಮೇಜರ್ ಲೀಗ್ ರಗ್ಬಿ ನಡೆಯುತ್ತಿದೆ.

ಜಪಾನಿನ ಲೀಗ್ ಒನ್ ಪಂದ್ಯಾವಳಿಯ ಸ್ವರೂಪ ಬೇರೆ. 2022ರಲ್ಲಿ ಆ ಹೆಸರು ಪಡೆದ ಲೀಗಿನ ತಂಡಗಳ ಬೇರು ದೊಡ್ಡ ಕಂಪನಿಗಳಲ್ಲಿದೆ: ಟೊಯೊಟ, ಸುಂಟೋರಿ, ಕೋಬೆ ಸ್ಟೀಲ್, ತೋಶಿಬಾ, ಪ್ಯಾನಸೋನಿಕ್. ಅಲ್ಲಿ ಪೂರ್ಣಾವಧಿ ವೃತ್ತಿಪರರ ಪಕ್ಕದಲ್ಲಿಯೇ ಅದೇ ಕಂಪನಿಯ ಕಚೇರಿಯಲ್ಲಿ ಕೆಲಸ ಮಾಡಿ ಅಭ್ಯಾಸಕ್ಕೆ ಬರುವ ನೌಕರ ಆಟಗಾರರೂ ಇರುತ್ತಾರೆ. ಆಟ ಮುಗಿದ ಮೇಲೂ ಉದ್ಯೋಗ ಕೈಯಲ್ಲಿರುತ್ತದೆ ಎಂಬ ಕಾರಣಕ್ಕೆ ಇದು ಹಳೆಯ ಪದ್ಧತಿ ಎಂದು ತಳ್ಳಿಹಾಕುವಂಥದ್ದಲ್ಲ. ಯುರೋಪಿಗಿಂತ ಕಡಿಮೆ ಪಂದ್ಯಗಳು ಮತ್ತು ಒಳ್ಳೆಯ ಸಂಬಳ ಇರುವುದರಿಂದ ದೊಡ್ಡ ಹೆಸರಿನ ವಿದೇಶಿ ಆಟಗಾರರೂ ವೃತ್ತಿಯ ಉತ್ತರಾರ್ಧದಲ್ಲಿ ಅಲ್ಲಿಗೆ ಹೋಗುತ್ತಾರೆ.

ಎಷ್ಟು ಹಣ ಸಿಗುತ್ತದೆ?

ಫುಟ್‌ಬಾಲ್ ತಾರೆಯರ ಸಂಬಳವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದರೆ ನಿರಾಶೆಯಾಗುತ್ತದೆ. ಇಂಗ್ಲೆಂಡಿನ ಪ್ರೀಮಿಯರ್‌ಷಿಪ್‌ನಲ್ಲಿ ಒಂದು ಕ್ಲಬ್ ತನ್ನ ಇಡೀ ಹಿರಿಯ ತಂಡಕ್ಕೆ ಕೊಡಬಹುದಾದ ಮೂಲ ಮೊತ್ತಕ್ಕೆ ಮಿತಿಯಿದೆ. ಸಾಂಕ್ರಾಮಿಕದ ನಂತರ 50 ಲಕ್ಷ ಪೌಂಡಿಗೆ ಇಳಿದಿದ್ದ ಈ ಮಿತಿಯನ್ನು 2024-25ರ ಋತುವಿನಿಂದ ಮತ್ತೆ 64 ಲಕ್ಷ ಪೌಂಡಿಗೆ ಏರಿಸಲಾಯಿತು. ಪ್ರತಿ ಕ್ಲಬ್ಬೂ ಒಬ್ಬ ತಾರಾ ಆಟಗಾರನನ್ನು ಮಿತಿಯ ಹೊರಗಿಡಬಹುದು. ಉಳಿದ ಹಣವನ್ನು ನಲವತ್ತಕ್ಕೂ ಹೆಚ್ಚು ಮಂದಿಗೆ ಹಂಚಬೇಕಾದಾಗ ತಂಡದ ಕೆಳಸಾಲಿನಲ್ಲಿರುವ ಯುವಕನ ಪಾಲಿಗೆ ಬರುವುದು ಸಾಧಾರಣ ನೌಕರಿಯ ಸಂಬಳವಷ್ಟೇ. ಫ್ರಾನ್ಸಿನಲ್ಲಿಯೂ ಮಿತಿಯಿದೆ, ಆದರೆ ಅದು ಒಂದು ಕೋಟಿ ಯೂರೋ ದಾಟುತ್ತದೆ. ಒಳ್ಳೆಯ ಆಟಗಾರರು ಇಂಗ್ಲಿಷ್ ಕಾಲುವೆ ದಾಟಿ ಹೋಗಲು ಇದೇ ಕಾರಣ.

ಈ ಮಿತಿ ಕಾಗದದ ಮೇಲಿನ ಮಾತಲ್ಲ. ಆಗಿನ ಚಾಂಪಿಯನ್ ಸಾರಸೆನ್ಸ್ ಕ್ಲಬ್ ಮಿತಿ ಮೀರಿದ್ದು ಸಾಬೀತಾಗಿ 2019ರ ನವೆಂಬರಿನಲ್ಲಿ 53 ಲಕ್ಷ ಪೌಂಡಿಗೂ ಹೆಚ್ಚಿನ ದಂಡ ಮತ್ತು 35 ಅಂಕಗಳ ಕಡಿತಕ್ಕೆ ಗುರಿಯಾಯಿತು, ಕೊನೆಗೆ ಕೆಳಗಿನ ವಿಭಾಗಕ್ಕೇ ಇಳಿಯಬೇಕಾಯಿತು.

ಕ್ಲಬ್ ಮತ್ತು ದೇಶ ಎರಡೂ ಕರೆದರೆ ಆಟಗಾರ ಯಾರ ಮಾತು ಕೇಳಬೇಕು?

ವಿಶ್ವ ರಗ್ಬಿ ಸಂಸ್ಥೆಯ ಒಂಬತ್ತನೆಯ ನಿಯಮಾವಳಿಯ ಪ್ರಕಾರ, ನಿಗದಿತ ಅಂತರರಾಷ್ಟ್ರೀಯ ಅವಧಿಗಳಲ್ಲಿ ಮತ್ತು ವಿಶ್ವಕಪ್ ಸಮಯದಲ್ಲಿ ಕ್ಲಬ್ ತನ್ನ ಆಟಗಾರನನ್ನು ದೇಶದ ತಂಡಕ್ಕೆ ಬಿಟ್ಟುಕೊಡಲೇಬೇಕು. ಆದರೆ ಸಂಬಳದ ಚೀಟಿ ಬರೆಯುವುದು ಕ್ಲಬ್ ಆಗಿರುವಾಗ ನಿಯಮದ ಬಲ ಎಲ್ಲ ಕಡೆಯೂ ಒಂದೇ ಇರುವುದಿಲ್ಲ. ಸಣ್ಣ ರಗ್ಬಿ ದೇಶಗಳ ಆಟಗಾರರಿಗೆ, ಮುಖ್ಯವಾಗಿ ಪೆಸಿಫಿಕ್ ದ್ವೀಪದವರಿಗೆ, ದೇಶದ ಕರೆಗೆ ಓಗೊಟ್ಟರೆ ಮುಂದಿನ ಒಪ್ಪಂದಕ್ಕೆ ಕುತ್ತು ಬರಬಹುದೆಂಬ ಅಂಜಿಕೆ ಹಿಂದಿನಿಂದಲೂ ಇದೆ. ದೇಶದ ಪರ ಆಡುವುದಕ್ಕೆ ಸಿಗುವ ಹಣವೂ ಅವರಿಗೆ ತೀರ ಕಡಿಮೆ. ಎರಡು ದೋಣಿಯ ಮೇಲೆ ಕಾಲಿಟ್ಟು ನಿಲ್ಲುವುದು ಅವರಿಗೆ ಆಯ್ಕೆಯಲ್ಲ, ಅನಿವಾರ್ಯ.

ಐರ್ಲೆಂಡ್ ಈ ಗೊಂದಲವನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡಿದೆ. ಲೆನ್‌ಸ್ಟರ್, ಮನ್‌ಸ್ಟರ್, ಅಲ್‌ಸ್ಟರ್ ಮತ್ತು ಕಾನಾಕ್ಟ್ ಎಂಬ ನಾಲ್ಕು ಪ್ರಾಂತೀಯ ತಂಡಗಳು ರಾಷ್ಟ್ರೀಯ ಸಂಸ್ಥೆಯ ಅಧೀನದಲ್ಲಿಯೇ ಇವೆ, ಅಗ್ರ ಆಟಗಾರರು ಸಂಸ್ಥೆಯೊಡನೆ ಕೇಂದ್ರೀಯ ಒಪ್ಪಂದ ಹೊಂದಿರುತ್ತಾರೆ, ಯಾರು ಯಾವ ವಾರ ವಿಶ್ರಾಂತಿ ಪಡೆಯಬೇಕೆಂಬುದರಲ್ಲಿಯೂ ಸಂಸ್ಥೆಗೆ ಮಾತಿದೆ. ಇಂಗ್ಲೆಂಡ್ 2024ರ ಹೊಸ ಒಡಂಬಡಿಕೆಯಲ್ಲಿ ಗರಿಷ್ಠ 25 ಆಟಗಾರರಿಗೆ ಕ್ಲಬ್ ಮತ್ತು ಸಂಸ್ಥೆ ಎರಡರ ಪಾಲೂ ಇರುವ ಮಿಶ್ರ ಒಪ್ಪಂದಕ್ಕೆ ಅವಕಾಶ ಮಾಡಿಕೊಂಡಿತು. 1995ರಲ್ಲಿ ಕೈತಪ್ಪಿದ್ದನ್ನು ಮೂರು ದಶಕಗಳ ಬಳಿಕ ಅರ್ಧದಷ್ಟಾದರೂ ಹಿಂದಕ್ಕೆ ಪಡೆಯುವ ಯತ್ನ ಇದು ಎನ್ನಬಹುದು.

ವಿದೇಶಿ ಕ್ಲಬ್ ಸೇರಿದರೆ ದೇಶದ ತಂಡದ ಬಾಗಿಲು ಮುಚ್ಚುತ್ತದೆಯೇ?

ಅದು ದೇಶವನ್ನು ಅವಲಂಬಿಸಿದೆ, ಮತ್ತು ಒಪ್ಪಂದಕ್ಕೆ ಸಹಿ ಮಾಡುವ ಮುನ್ನ ಕೇಳಲೇಬೇಕಾದ ಪ್ರಶ್ನೆ ಇದು. ನ್ಯೂಜಿಲೆಂಡ್ ತನ್ನ ನೆಲದಲ್ಲಿ ಆಡುವವರನ್ನೇ ಆಲ್ ಬ್ಲ್ಯಾಕ್ಸ್ ಎಂಬ ತನ್ನ ರಾಷ್ಟ್ರೀಯ ತಂಡಕ್ಕೆ ಆರಿಸುತ್ತದೆ. ಆದರೆ ಅಲ್ಲಿಗೇ ಬಿಗಿ ಹಿಡಿದರೆ ಎಲ್ಲರೂ ಹೋಗಿಬಿಡುತ್ತಾರೆಂದು ತಿಳಿದು, ಹಿರಿಯ ಆಟಗಾರರಿಗೆ ದೀರ್ಘ ಒಪ್ಪಂದದ ನಡುವೆ ಒಂದು ಋತು ಹೊರಗೆ ಹೋಗಿ ಸಂಪಾದಿಸಿ ಬರಲು ರಜೆ ಕೊಡುತ್ತದೆ. ಡ್ಯಾನ್ ಕಾರ್ಟರ್ 2008ರ ಕೊನೆಯಲ್ಲಿ ಇಂಥ ರಜೆಯ ಮೇಲೆ ಫ್ರಾನ್ಸಿನ ಪರ್ಪಿನ್ಯಾನ್ ಸೇರಿ, ಬೆರಳೆಣಿಕೆಯ ಪಂದ್ಯಗಳಲ್ಲಿಯೇ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡರು. ರಜೆಯ ಹೆಸರಿನಲ್ಲಿ ಹೋದರೂ ಚೆಂಡು ಹಿಡಿದವನನ್ನು ಕೆಡಹುವ ಟ್ಯಾಕಲ್‌ಗಳಿಗೆ ರಜೆಯಿರುವುದಿಲ್ಲ.

ಇಂಗ್ಲೆಂಡ್ ಅಪವಾದದ ಸಂದರ್ಭಗಳನ್ನು ಬಿಟ್ಟು ಹೊರದೇಶದ ಕ್ಲಬ್‌ಗಳಲ್ಲಿ ಆಡುವವರನ್ನು ಆರಿಸುವುದಿಲ್ಲ. ಟೂಲೋನ್‌ನಲ್ಲಿ ಆಡುತ್ತಿದ್ದ ಸ್ಟೆಫನ್ ಆರ್ಮಿಟೇಜ್ 2014ರಲ್ಲಿ ಯುರೋಪಿನ ವರ್ಷದ ಆಟಗಾರ ಎನಿಸಿದರೂ ಮರುವರ್ಷ ತವರಿನಲ್ಲಿಯೇ ನಡೆದ ವಿಶ್ವಕಪ್ಪಿಗೆ ಅವರಿಗೆ ಕರೆ ಬರಲಿಲ್ಲ. ಅದೇ 2015ರಲ್ಲಿ ಆಸ್ಟ್ರೇಲಿಯ 60 ಟೆಸ್ಟ್ ಆಡಿ ಏಳು ವರ್ಷ ಸೇವೆ ಸಲ್ಲಿಸಿದವರು ಹೊರಗಿದ್ದರೂ ಆಯ್ಕೆಗೆ ಅರ್ಹರು ಎಂದು ನಿಯಮ ಸಡಿಲಿಸಿತು. ಮ್ಯಾಟ್ ಗಿಟೊ ಎಂಬ ಟೂಲೋನ್ ಆಟಗಾರನ ಹೆಸರೇ ಆ ನಿಯಮಕ್ಕೆ ಅಂಟಿಕೊಂಡಿತು, ಅವರು ಆ ವರ್ಷದ ಫೈನಲ್ಲಿನಲ್ಲಿಯೂ ಆಡಿದರು. ವೇಲ್ಸ್ 60 ಪಂದ್ಯಗಳ ಇಂಥದೇ ಮಿತಿಯನ್ನು 2023ರಲ್ಲಿ 25ಕ್ಕೆ ಇಳಿಸಿತು. ದಕ್ಷಿಣ ಆಫ್ರಿಕ ಎಲ್ಲಿ ಆಡಿದರೂ ಸರಿ ಎಂಬ ನಿಲುವು ತಳೆದು, ಇಂಗ್ಲೆಂಡಿನ ಸೇಲ್ ಕ್ಲಬ್ಬಿನಲ್ಲಿದ್ದ ಫಾಫ್ ಡಿ ಕ್ಲರ್ಕ್‌ರಂಥವರನ್ನು ಕರೆಸಿಕೊಂಡು 2019ರಲ್ಲಿ ಕಪ್ ಗೆದ್ದಿತು, 2023ರಲ್ಲಿ ಮತ್ತೊಮ್ಮೆ ಗೆದ್ದಿತು. ಬಾಗಿಲು ಮುಚ್ಚಿದರೆ ದೇಶದೊಳಗಿನ ಲೀಗ್ ಉಳಿಯುತ್ತದೆ ಎಂಬ ವಾದದಲ್ಲಿ ಸತ್ಯವಿದೆ. ಆದರೂ ಆ ಉಳಿಕೆಯ ಬೆಲೆಯನ್ನು ತೆರುವವನು ಆಟಗಾರನೇ.

ಹುಟ್ಟಿದ ದೇಶದ ಪರವಾಗಿಯೇ ಆಡಬೇಕೇ?

ಬೇಕಿಲ್ಲ. ತಾನು, ತಂದೆ ಅಥವಾ ತಾಯಿ, ಇಲ್ಲವೇ ಅಜ್ಜ ಅಜ್ಜಿಯರಲ್ಲಿ ಒಬ್ಬರು ಹುಟ್ಟಿದ ದೇಶಕ್ಕೆ ಆಡಬಹುದು, ಅಥವಾ ನಿಗದಿತ ಕಾಲ ನೆಲೆಸಿ ಅರ್ಹತೆ ಪಡೆಯಬಹುದು. ನೆಲೆಸುವ ಅವಧಿ ಹಿಂದೆ ಮೂರು ವರ್ಷವಿದ್ದದ್ದು ಈಗ ಐದಾಗಿದೆ. ಹಳೆಯ ನಿಯಮದಡಿಯಲ್ಲಿ ದಕ್ಷಿಣ ಆಫ್ರಿಕದ ಸಿ.ಜೆ. ಸ್ಟ್ಯಾಂಡರ್ ಐರ್ಲೆಂಡಿನ ಪ್ರಮುಖ ಆಟಗಾರರಾಗಿ, 2021ರಲ್ಲಿ ಆಟ ಬಿಟ್ಟು ತಾಯ್ನಾಡಿಗೆ ಮರಳಿದರು.

2022ರ ಆರಂಭದಿಂದ ಇನ್ನೊಂದು ಬದಲಾವಣೆ ಜಾರಿಗೆ ಬಂದಿದೆ. ಒಂದು ದೇಶಕ್ಕೆ ಆಡಿದವರು ಮೂರು ವರ್ಷ ಅಂತರರಾಷ್ಟ್ರೀಯ ರಗ್ಬಿಯಿಂದ ದೂರವಿದ್ದರೆ, ತಾವು ಅಥವಾ ತಮ್ಮ ಹಿರಿಯರು ಹುಟ್ಟಿದ ಬೇರೊಂದು ದೇಶಕ್ಕೆ ಒಮ್ಮೆ ಬದಲಾಗಬಹುದು. ಆಲ್ ಬ್ಲ್ಯಾಕ್ಸ್ ಪರವಾಗಿ ಆಡಿದ್ದ ಚಾರ್ಲ್ಸ್ ಪಿಯುಟಾವು ಮತ್ತು ಮಲಕೈ ಫೆಕಿಟೋವ ಟೊಂಗಾ ತಂಡ ಸೇರಿದ್ದು ಹೀಗೆ. ಸಣ್ಣ ದೇಶಗಳಿಗೆ ಬಹಳ ಹಿಂದೆಯೇ ಸಿಗಬೇಕಿದ್ದ ನ್ಯಾಯವಿದು.

ಒಂದು ವಾರ ಹೇಗಿರುತ್ತದೆ?

ಶನಿವಾರ ಪಂದ್ಯವೆಂದಿಟ್ಟುಕೊಂಡರೆ, ಭಾನುವಾರ ದೇಹ ಸುಧಾರಿಸಿಕೊಳ್ಳುವ ದಿನ. ಸೋಮವಾರ ವೈದ್ಯರ ತಪಾಸಣೆ, ಪಂದ್ಯದ ವಿಡಿಯೊ ಪರಿಶೀಲನೆ ಮತ್ತು ಭಾರ ಎತ್ತುವ ಅಭ್ಯಾಸ. ಮಂಗಳವಾರ ವಾರದ ಅತ್ಯಂತ ಕಠಿಣ ಮೈದಾನದ ಅಭ್ಯಾಸ ನಡೆಯುತ್ತದೆ. ಬುಧವಾರ ಬಹುತೇಕ ಕಡೆ ಬಿಡುವು, ಓದುವವರು ಆ ದಿನವನ್ನು ತರಗತಿಗೆ ಬಳಸುತ್ತಾರೆ. ಗುರುವಾರ ತಂತ್ರ ಮತ್ತು ವೇಗದ ಅಭ್ಯಾಸ, ಶುಕ್ರವಾರ ನಾಯಕನ ಮುಂದಾಳತ್ವದಲ್ಲಿ ಒಂದು ಹಗುರವಾದ ಸುತ್ತು. ಅಂಗಿಯೊಳಗೆ ಎರಡು ಹೆಗಲುಗಳ ನಡುವೆ ಇರಿಸಿದ ಜಿಪಿಎಸ್ ಸಾಧನ ಓಡಿದ ಪ್ರತಿ ಮೀಟರನ್ನೂ ದಾಖಲಿಸುತ್ತದೆ.

ಎಂಬತ್ತು ನಿಮಿಷದ ಪಂದ್ಯಕ್ಕಿಂತ ಈ ಅಭ್ಯಾಸಗಳಲ್ಲಿ ದೇಹ ಹೆಚ್ಚು ಸವೆಯಬಾರದೆಂದು ವಿಶ್ವ ರಗ್ಬಿ ಸಂಸ್ಥೆ ಮತ್ತು ಆಟಗಾರರ ಅಂತರರಾಷ್ಟ್ರೀಯ ಸಂಘ 2021ರಲ್ಲಿ ಒಂದು ಮಾರ್ಗಸೂಚಿ ಹೊರಡಿಸಿದವು. ಅದರಂತೆ ಪೂರ್ಣ ಬಲದ ದೈಹಿಕ ಸಂಪರ್ಕದ ಅಭ್ಯಾಸ ವಾರಕ್ಕೆ 15 ನಿಮಿಷ ಮೀರಬಾರದು. ಇದು ಸಲಹೆಯೇ ಹೊರತು ಕಟ್ಟಳೆಯಲ್ಲ. ಹೊಸ ಕ್ಲಬ್ ಸೇರುವವನು ಅಲ್ಲಿ ಇದನ್ನು ಪಾಲಿಸುತ್ತಾರೆಯೇ ಎಂದು ಹಳೆಯ ಆಟಗಾರರನ್ನು ಕೇಳಿ ತಿಳಿದುಕೊಳ್ಳಬೇಕು.

ಗಾಯಗಳ ಅಪಾಯ ಎಷ್ಟು? ತಲೆಪೆಟ್ಟಿನ ಬಗ್ಗೆ ಏನು ತಿಳಿದಿರಬೇಕು?

ಭುಜ, ಮೊಣಕಾಲು, ತೊಡೆಯ ಹಿಂಭಾಗದ ಸ್ನಾಯು ಇವು ಯಾವ ಆಟಗಾರನನ್ನೂ ಬಿಡುವುದಿಲ್ಲ. ಮೊಣಕಾಲಿನೊಳಗಿನ ಅಡ್ಡ ಅಸ್ಥಿರಜ್ಜು ಹರಿದರೆ ಬಹುಪಾಲು ಒಂದು ಋತುವೇ ಹೋದಂತೆ. ಆದರೆ ಇವೆಲ್ಲ ಕಣ್ಣಿಗೆ ಕಾಣುವ ಗಾಯಗಳು, ಇವುಗಳಿಗೆ ಚಿಕಿತ್ಸೆಯ ದಾರಿ ಗೊತ್ತಿದೆ.

ತಲೆಪೆಟ್ಟು ಹಾಗಲ್ಲ. ಇಂಗ್ಲೆಂಡಿನ ವೃತ್ತಿಪರ ರಗ್ಬಿಯಲ್ಲಿ ಗಾಯಗಳನ್ನು 2002ರಿಂದ ದಾಖಲಿಸುತ್ತ ಬಂದಿರುವ ಸಮೀಕ್ಷೆಯಲ್ಲಿ ಪಂದ್ಯದ ವೇಳೆ ಅತ್ಯಂತ ಹೆಚ್ಚಾಗಿ ವರದಿಯಾಗುವ ಗಾಯ ಬಹಳ ವರ್ಷಗಳಿಂದ ಮಿದುಳಿಗೆ ತಗಲುವ ಆಘಾತವೇ ಆಗಿದೆ. 2003ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಹುಕ್ಕರ್ (ಮುಂದಿನ ಸಾಲಿನ ನಡುವಿನವನು) ಸ್ಟೀವ್ ಥಾಂಪ್ಸನ್ ನಲವತ್ತೆರಡನೆಯ ವಯಸ್ಸಿಗೆ ಮರೆಗುಳಿತನಕ್ಕೆ ತುತ್ತಾಗಿರುವುದಾಗಿ 2020ರ ಡಿಸೆಂಬರಿನಲ್ಲಿ ಬಹಿರಂಗಪಡಿಸಿದರು. ಆ ಕಪ್ ಗೆದ್ದದ್ದು ತಮಗೆ ನೆನಪಿಲ್ಲ ಎಂದು ಅವರು ಹೇಳಿದ್ದು ಆಟದ ಆಡಳಿತಗಾರರನ್ನು ಬೆಚ್ಚಿಬೀಳಿಸಿತು. ವೇಲ್ಸ್‌ನ ಆಲಿಕ್ಸ್ ಪೋಪಮ್ ಸೇರಿದಂತೆ ಹಲವು ಮಾಜಿ ಆಟಗಾರರು ತಮ್ಮನ್ನು ರಕ್ಷಿಸುವಲ್ಲಿ ಸಂಸ್ಥೆಗಳು ವಿಫಲವಾದವೆಂದು ಕಾನೂನಿನ ಮೊರೆಹೋದರು.

ಈಗಿನ ಕ್ರಮ ಹೀಗಿದೆ: ಶಂಕೆ ಬಂದ ಆಟಗಾರನನ್ನು ಮೈದಾನದಿಂದ ಹೊರಗೆ ಕರೆತಂದು ನೆನಪು, ಸಮತೋಲನ ಮತ್ತು ಲಕ್ಷಣಗಳ ಪರೀಕ್ಷೆ ಮಾಡುತ್ತಾರೆ. ಪಂದ್ಯ ಮುಗಿದ ಮೂರು ಗಂಟೆಯೊಳಗೆ ಎರಡನೆಯ ಪರೀಕ್ಷೆ, ಎರಡು ರಾತ್ರಿ ಕಳೆದ ಮೇಲೆ ಮೂರನೆಯದು. ಪ್ರಜ್ಞೆ ತಪ್ಪಿದಂಥ ಸ್ಪಷ್ಟ ಲಕ್ಷಣವಿದ್ದರೆ ಪರೀಕ್ಷೆಯೇ ಇಲ್ಲದೆ ಪಂದ್ಯದಿಂದ ಹೊರಗೆ. ಹಿಂದೆ ತಲೆಪೆಟ್ಟಿನ ಇತಿಹಾಸವಿದ್ದವರು ಕನಿಷ್ಠ 12 ದಿನ ಆಡುವಂತಿಲ್ಲ ಎಂಬ ನಿಯಮ 2022ರಲ್ಲಿ ಬಂದಿತು. 2024ರಿಂದ ಉನ್ನತ ಮಟ್ಟದ ಪಂದ್ಯಗಳಲ್ಲಿ ಸಂವೇದಕವಿರುವ ಹಲ್ಲುಗವಸು ಬಳಕೆಗೆ ಬಂದಿದ್ದು, ಭಾರಿ ಆಘಾತವಾದರೆ ಅದು ತಕ್ಷಣ ವೈದ್ಯರಿಗೆ ಸೂಚನೆ ಕೊಡುತ್ತದೆ. ಇಷ್ಟಾದರೂ ಒಂದು ಮಾತನ್ನು ಮುಚ್ಚಿಡಬಾರದು: ಪರೀಕ್ಷೆಗಳು ಆಗಿಹೋದ ದೊಡ್ಡ ಆಘಾತವನ್ನು ಹಿಡಿಯುತ್ತವೆ, ವರ್ಷಗಟ್ಟಲೆ ಸೇರುತ್ತ ಹೋಗುವ ಸಣ್ಣ ಪೆಟ್ಟುಗಳನ್ನು ಅಳಿಸುವುದಿಲ್ಲ. ಲಕ್ಷಣಗಳನ್ನು ಮರೆಮಾಚಿ ಆಡುವುದನ್ನು ಕೆಚ್ಚು ಎಂದು ಹೊಗಳುವ ತರಬೇತುದಾರನ ಕೈಕೆಳಗೆ ಯಾರೂ ಉಳಿಯಬಾರದು.

ಉದ್ದೀಪನ ಮದ್ದಿನ ಪರೀಕ್ಷೆ ಹೇಗೆ ನಡೆಯುತ್ತದೆ?

ಪಂದ್ಯದ ದಿನವೂ ಮನೆಯಲ್ಲಿಯೂ ನಡೆಯುತ್ತದೆ. ಪರೀಕ್ಷಾ ಪಟ್ಟಿಯಲ್ಲಿರುವ ಅಗ್ರ ಆಟಗಾರರು ಪ್ರತಿದಿನ ಒಂದು ಗಂಟೆ ತಾವು ಎಲ್ಲಿ ಸಿಗುತ್ತೇವೆಂದು ಮುಂಚಿತವಾಗಿ ತಿಳಿಸಬೇಕು. ಹನ್ನೆರಡು ತಿಂಗಳಲ್ಲಿ ಮೂರು ಬಾರಿ ತಪ್ಪಿದರೆ ಅದೇ ಅಪರಾಧವಾಗುತ್ತದೆ. ಅಂಗಡಿಯಲ್ಲಿ ಸಿಗುವ ಪೌಷ್ಟಿಕ ಪುಡಿಗಳನ್ನು ತಂಡದ ವೈದ್ಯರಿಗೆ ತೋರಿಸದೆ ಬಾಯಿಗೆ ಹಾಕಬಾರದು.

ಕ್ಲಬ್ ದಿವಾಳಿಯಾದರೆ ಒಪ್ಪಂದದ ಗತಿಯೇನು?

ಒಪ್ಪಂದ ಕೇವಲ ಕಾಗದವಾಗುತ್ತದೆ. 2022ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ವುಸ್ಟರ್ ಮತ್ತು ವಾಸ್ಪ್ಸ್ ಕ್ಲಬ್‌ಗಳು ಕೆಲವೇ ದಿನಗಳ ಅಂತರದಲ್ಲಿ ಕುಸಿದವು. ವಾಸ್ಪ್ಸ್ ಒಂದರಲ್ಲಿಯೇ ಆಟಗಾರರು ಮತ್ತು ಸಿಬ್ಬಂದಿ ಸೇರಿ 167 ಮಂದಿ ಕೆಲಸ ಕಳೆದುಕೊಂಡರು. ಮರುವರ್ಷ ಲಂಡನ್ ಐರಿಷ್ ಕೂಡ ಲೀಗಿನಿಂದ ಹೊರಬಿತ್ತು. ಋತುವಿನ ನಡುವೆ ಬೇರೆ ಕ್ಲಬ್‌ಗಳಲ್ಲಿ ಜಾಗವೂ ಹಣವೂ ಉಳಿದಿರುವುದಿಲ್ಲ, ತಾರೆಯರಿಗೆ ಎಲ್ಲಾದರೂ ಸ್ಥಳ ಸಿಗುತ್ತದೆ, ಮಧ್ಯಮ ದರ್ಜೆಯವರು ಅರ್ಧ ಸಂಬಳಕ್ಕೆ ಒಪ್ಪಬೇಕಾಗುತ್ತದೆ. ಆದ್ದರಿಂದ ಎರಡು ಕ್ಲಬ್‌ಗಳ ನಡುವೆ ಆರಿಸುವಾಗ ಸಂಬಳದ ಅಂಕಿಗಿಂತ ಮಾಲೀಕನ ಸಾಲದ ಅಂಕಿಯನ್ನು ಮೊದಲು ನೋಡಬೇಕೆಂಬುದು ನನ್ನ ಅಭಿಪ್ರಾಯ. ಲೆಕ್ಕಪತ್ರಗಳನ್ನು ಓದಬಲ್ಲ ಏಜೆಂಟ್ ಇದ್ದರೆ ಅವನ ದಲ್ಲಾಳಿ ಹಣ ಸಾರ್ಥಕ. ಆಟಗಾರರ ಸಂಘದ ಸದಸ್ಯತ್ವವೂ ಇಂಥ ಸಮಯದಲ್ಲಿಯೇ ಕೈಹಿಡಿಯುತ್ತದೆ.

ಮಹಿಳೆಯರಿಗೆ ಇದು ಪೂರ್ಣಾವಧಿ ವೃತ್ತಿಯಾಗಬಲ್ಲದೇ?

ಕೆಲವು ದೇಶಗಳಲ್ಲಿ ಈಗಾಗಲೇ ಆಗಿದೆ. ಇಂಗ್ಲೆಂಡ್ 2019ರ ಜನವರಿಯಿಂದ 28 ಆಟಗಾರ್ತಿಯರಿಗೆ ಪೂರ್ಣಾವಧಿ ಒಪ್ಪಂದ ನೀಡಿತು, ವೇಲ್ಸ್ 2022ರಲ್ಲಿ 12 ಮಂದಿಯೊಡನೆ ಆರಂಭಿಸಿತು, ನ್ಯೂಜಿಲೆಂಡ್ ಕೂಡ ಅದೇ ದಾರಿ ಹಿಡಿಯಿತು. ಇಲ್ಲಿ ಯಜಮಾನ ಬಹುತೇಕ ರಾಷ್ಟ್ರೀಯ ಸಂಸ್ಥೆಯೇ, ಕ್ಲಬ್‌ಗಳ ಸಂಬಳ ಇನ್ನೂ ತೆಳುವಾಗಿದೆ. ಹಾಗಾಗಿ ದೇಶದ ತಂಡದಿಂದ ಹೊರಬಿದ್ದ ಆಟಗಾರ್ತಿಗೆ ಜೀವನೋಪಾಯವೇ ಹೊರಬಿದ್ದಂತೆ. 2025ರ ಸೆಪ್ಟೆಂಬರ್ 27ರಂದು ಟ್ವಿಕನ್‌ಹ್ಯಾಮ್‌ನಲ್ಲಿ ನಡೆದ ವಿಶ್ವಕಪ್ ಫೈನಲ್ಲಿನಲ್ಲಿ ಇಂಗ್ಲೆಂಡ್ ಕೆನಡಾವನ್ನು 33-13ರಿಂದ ಸೋಲಿಸಿದಾಗ 81,885 ಮಂದಿ ಸೇರಿದ್ದರು. ನೋಡುವವರಿಲ್ಲ ಎಂಬ ಹಳೆಯ ನೆಪ ಅಂದಿಗೆ ಮುಗಿಯಿತು.

ಸೆವೆನ್ಸ್ ಆಟವನ್ನೂ ಇದರ ಜೊತೆಗೆ ಆಡಬಹುದೇ?

ಆಡಬಹುದು, ಆದರೆ ಏಳು ಮಂದಿಯ ಹದಿನಾಲ್ಕು ನಿಮಿಷದ ಆಟಕ್ಕೆ ಬೇರೆಯದೇ ದೇಹ ಬೇಕು. ಫ್ರಾನ್ಸಿನ ಆಂತ್ವಾನ್ ದ್ಯೂಪೊಂ ಯುರೋಪಿನ ಆರು ದೇಶಗಳ ಪಂದ್ಯಾವಳಿಯಾದ ಸಿಕ್ಸ್ ನೇಷನ್ಸನ್ನು 2024ರಲ್ಲಿ ಬಿಟ್ಟು ಸೆವೆನ್ಸ್‌ಗೆ ಹೊಂದಿಕೊಂಡು, ಪ್ಯಾರಿಸ್ ಒಲಿಂಪಿಕ್ಸ್ ಫೈನಲ್ಲಿನಲ್ಲಿ ಫಿಜಿಯ ವಿರುದ್ಧ ಎರಡು ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು) ಗಳಿಸಿ ಚಿನ್ನ ಗೆದ್ದರು. ಕ್ಲಬ್ ಮತ್ತು ದೇಶ ಎರಡೂ ಒಪ್ಪಿದ್ದರಿಂದ ಅದು ಸಾಧ್ಯವಾಯಿತು. ಎಲ್ಲರಿಗೂ ಅಂಥ ಒಪ್ಪಿಗೆ ಸಿಗದು. ಅಲ್ಲದೆ ಸೆವೆನ್ಸ್ ಒಂದನ್ನೇ ನೆಚ್ಚಿಕೊಳ್ಳುವುದು ಅಪಾಯ: ಐರ್ಲೆಂಡ್ 2025ರಲ್ಲಿ ತನ್ನ ಪುರುಷರ ಸೆವೆನ್ಸ್ ಯೋಜನೆಯನ್ನೇ ನಿಲ್ಲಿಸಿತು.

ಆಟ ನಿಂತ ಮೇಲೆ ಏನು?

ತರಬೇತುದಾರನಾಗುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಐರ್ಲೆಂಡಿನ ಫ್ಲೈ ಹಾಫ್ ಆಗಿದ್ದ ರೋನನ್ ಒ'ಗಾರಾ 2013ರಲ್ಲಿ ಆಟ ನಿಲ್ಲಿಸಿ ಪ್ಯಾರಿಸ್‌ನ ರೇಸಿಂಗ್‌ನಲ್ಲಿ ಸಹಾಯಕರಾಗಿ, ನ್ಯೂಜಿಲೆಂಡಿನ ಕ್ರುಸೇಡರ್ಸ್‌ನಲ್ಲಿ ಪಳಗಿ, ಲಾ ರೋಶೆಲ್ ಕ್ಲಬ್ಬನ್ನು 2022 ಮತ್ತು 2023ರಲ್ಲಿ ಯುರೋಪಿನ ಚಾಂಪಿಯನ್ ಮಾಡಿದರು. ಹಾರ್ಲೆಕ್ವಿನ್ಸ್ ಪರವಾಗಿ ಸ್ಕ್ರಮ್ ಹಾಫ್ ಆಗಿದ್ದ ಕಾರ್ಲ್ ಡಿಕ್ಸನ್ ಸೀಟಿ ಹಿಡಿದು ಅಂತರರಾಷ್ಟ್ರೀಯ ರೆಫರಿಯಾದರು. ಇನ್ನೂ ಆಡುತ್ತಿದ್ದಾಗಲೇ 2013ರಲ್ಲಿ ವೈದ್ಯಕೀಯ ಪದವಿ ಪಡೆದ ವೇಲ್ಸ್‌ನ ಸೆಂಟರ್ ಜೇಮಿ ರಾಬರ್ಟ್ಸ್ ಬಿಡುವಿನ ಬುಧವಾರಗಳಿಗೆ ಎಷ್ಟು ಬೆಲೆಯಿದೆ ಎಂಬುದನ್ನು ತೋರಿಸಿಕೊಟ್ಟರು.

ಇವರಷ್ಟು ಹೆಸರಿಲ್ಲದವರಿಗೆ ನಿವೃತ್ತಿಯ ಮೊದಲ ವರ್ಷವೇ ಕಷ್ಟದ್ದು. ಊಟ, ನಿದ್ದೆ, ಪ್ರಯಾಣ ಎಲ್ಲವನ್ನೂ ಇನ್ನೊಬ್ಬರು ನಿಗದಿಪಡಿಸುತ್ತಿದ್ದ ಬದುಕು ಒಮ್ಮೆಲೇ ನಿಲ್ಲುತ್ತದೆ, ಸಂಬಳವೂ ಜೊತೆಗೇ ನಿಲ್ಲುತ್ತದೆ. ಇದನ್ನು ಮನಗಂಡು ಇಂಗ್ಲೆಂಡ್, ನ್ಯೂಜಿಲೆಂಡ್ ಮೊದಲಾದ ದೇಶಗಳ ಆಟಗಾರರ ಸಂಘಗಳು ವೃತ್ತಿಯಲ್ಲಿರುವಾಗಲೇ ಓದು, ಕಸುಬು ಮತ್ತು ಹಣಕಾಸಿನ ಬಗ್ಗೆ ಸಲಹೆಗಾರರನ್ನು ಒದಗಿಸುತ್ತವೆ. ಐರ್ಲೆಂಡಿನ ತೆರಿಗೆ ಕಾನೂನು ಇನ್ನೂ ಮುಂದೆ ಹೋಗಿದೆ. ಅಲ್ಲಿ ನಿವೃತ್ತನಾದ ಆಟಗಾರ ಹತ್ತು ವರ್ಷಗಳವರೆಗಿನ ತನ್ನ ಆಟದ ನೇರ ಗಳಿಕೆಯ ಶೇಕಡ 40ರಷ್ಟಕ್ಕೆ ವಿನಾಯಿತಿ ಕೇಳಿ, ಕಟ್ಟಿದ ತೆರಿಗೆಯನ್ನು ಹಿಂಪಡೆಯಬಹುದು. ಪ್ರಾಯೋಜಕರಿಂದ ಬಂದ ಹಣಕ್ಕೆ ಇದು ಅನ್ವಯಿಸುವುದಿಲ್ಲ. ಫ್ರಾನ್ಸಿನ ಕ್ಲಬ್ ಹೆಚ್ಚಿನ ಸಂಬಳ ತೋರಿಸಿ ಕರೆದಾಗ ಐರಿಷ್ ಆಟಗಾರರು ಈ ಮರುಪಾವತಿಯನ್ನೂ ಲೆಕ್ಕಕ್ಕೆ ಹಿಡಿದು ಉತ್ತರ ಕೊಡುತ್ತಾರೆ.